ನನ್ನ ಶ್ವಾಸಕೋಶಕ್ಕಾಗಿ ಮನೆ ಬದಲಿಸಿದ್ದು

ಊದುವುದು ಕಲಿತು ಮಾಡಬೇಕಾದ ಕೆಲಸವೆಂದು ಆಗ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನಾನು ಸೌದೆ ಒಲೆ ಊದಿದವರ ಮೊಮ್ಮಗಳು. ಕಾಫಿ ಊದಿ ಕುಡಿದವರ ಮಗಳು. ಮೇಲಾಗಿ ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದಿದವಳು. ಗಾಳಿಯ ವಿಷಯದಲ್ಲಿ ನನಗೆ ಪಾಠ ಹೇಳುವವರು ಇಡೀ ಮದ್ರಾಸಿನಲ್ಲಿ ಇರಲಾರರು ಎಂಬ ಧೈರ್ಯ ನನಗಿತ್ತು.

ಮದ್ರಾಸು ಎಂದೆ. ಆಗಷ್ಟೇ ಅದು ಚೆನ್ನೈ ಆಗಿ ಒಂದೆರಡು ವರ್ಷವಾಗಿತ್ತು. ಊರಿನ ಹೆಸರು ಬದಲಾದ ಮೇಲೆ ನನಗೆ ಉಬ್ಬಸ ಶುರುವಾಯಿತೆಂದು ನನ್ನ ನೆನಪು. ಅದಕ್ಕೂ ಮುಂಚೆಯೇ ಇತ್ತೆಂದು ನನ್ನ ಗಂಡನ ನೆನಪು. ಡೈರಿ ತೆಗೆದು ನೋಡಿದರೆ ಅಲ್ಲಿ ‘ಧೂಳು. ತಲೆನೋವು. ಮಾವಿನಹಣ್ಣು ಹುಳಿ’ ಎಂದಿದೆ. ನಾನು ನಿತ್ಯ ಡೈರಿ ಬರೆಯುವವಳು. ಬೇಕಾದ ಒಂದು ಸಂಗತಿಯನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿ ಇರುತ್ತದೆ. ಆದ್ದರಿಂದ ಈಗ ಹೇಳುವುದರಲ್ಲಿ ಯಾರ ಮಾತು ಮೊದಲು, ಯಾರದು ಆಮೇಲೆ ಎಂಬುದು ಹಿಂದುಮುಂದಾಗಿರಬಹುದು. ನಾನು ಮಾಡಿದ ಪೆದ್ದುತನದ ಪ್ರಮಾಣದಲ್ಲಿ ಮಾತ್ರ ತಪ್ಪಿಲ್ಲ. ಅದಕ್ಕೆ ಸಾಕ್ಷಿಗಳು ಬಹಳ ಜನ ಇದ್ದಾರೆ!

ನಾವು ಆಗ ಕೀಲ್ಪಾಕಿನ ಹಳೆಯ ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿದ್ದೆವು. ನಾನು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಗಂಡ ಶ್ರೀಧರ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ. ಮಗಳು ಅನು ಕನ್ನಡದಲ್ಲಿ ಬೈಸಿಕೊಂಡು ತಮಿಳಿನಲ್ಲಿ ಎದುರುತ್ತರ ಕೊಡುವ ವಯಸ್ಸಿನಲ್ಲಿದ್ದಳು. ಮನೆಯ ಆಡಳಿತ ನನ್ನ ಅತ್ತೆಯವರದು. ಅವರು ಉಡುಪಿ ಕಡೆಯವರು. ಮಾವ ಪ್ಯಾರೀಸ್ ಕಾರ್ನರಿನ ಹೋಟೆಲೊಂದಕ್ಕೆ ಕೆಲಸಕ್ಕೆಂದು ಬಂದಾಗ ಜೊತೆಯಲ್ಲಿ ಬಂದವರು, ಮಾವ ಹೋದ ಮೇಲೂ ಮದ್ರಾಸು ಬಿಟ್ಟವರಲ್ಲ. ಇಷ್ಟು ವರ್ಷದಲ್ಲಿ ಒಂದು ವಾಕ್ಯ ತಮಿಳು ಕಲಿತವರೂ ಅಲ್ಲ. ಆದರೂ ಕೆಳಗಿನ ಮನೆಯ ಜಾನಕಿ ಮಾಮಿ ಅವರ ಪ್ರಾಣಸ್ನೇಹಿತೆ. ದಿನವೂ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ತರಕಾರಿ ಹೆಚ್ಚುತ್ತಿದ್ದರು. ಅತ್ತೆಯದು ಕನ್ನಡ, ಮಾಮಿಯದು ತಮಿಳು. ಒಬ್ಬರ ಮಾತು ಒಬ್ಬರಿಗೆ ಅರ್ಥವಾಗದೆ ಇದ್ದ ದಿನವನ್ನು ನಾನು ನೋಡಿಲ್ಲ. ಒಂದೇ ಭಾಷೆ ಆಡುವ ನಾನೂ ಶ್ರೀಧರನೂ ಅಷ್ಟು ಚೆನ್ನಾಗಿ ಅರ್ಥಮಾಡಿಕೊಂಡದ್ದನ್ನೂ ನೋಡಿಲ್ಲ.

ನನಗೊಂದು ಆಸೆಯಿತ್ತು. ಬೆಸೆಂಟ್ ನಗರದಲ್ಲಿ ಸಮುದ್ರದ ಹತ್ತಿರ ಒಂದು ಮನೆ! ಮದುವೆಯಾದ ಹೊಸದರಲ್ಲಿ ಶ್ರೀಧರ ನನ್ನನ್ನು ಅಲ್ಲಿಯ ಎಲಿಯಟ್ಸ್ ಬೀಚಿಗೆ ಕರೆದುಕೊಂಡು ಹೋಗಿದ್ದೇ ತಪ್ಪು. ಆಮೇಲೆ ನಾನು ಆ ವಿಷಯ ಎತ್ತಿದಾಗಲೆಲ್ಲ ಅತ್ತೆ ಒಂದೇ ಮಾತಿನಲ್ಲಿ ಇಳಿಸಿಬಿಡುತ್ತಿದ್ದರು.

“ಸಮುದ್ರ ಇರುದು ನೋಡಿ ಬರ್ಲಿಕ್ಕೆ ಮಾರಾಯ್ತಿ, ಪಕ್ಕದಲ್ಲಿ ಮಲಗ್ಲಿಕ್ಕಲ್ಲ. ಜಾನಕಿಯನ್ನು ಬಿಟ್ಟು ನಾನೆಲ್ಲಿಗೂ ಬರುದಿಲ್ಲ.”

ಹೀಗಿರುವಾಗ ನನಗೆ ಉಬ್ಬಸ ಜೋರಾಯಿತು. ಎದೆಯ ಡಾಕ್ಟರೊಬ್ಬರಲ್ಲಿಗೆ ಹೋದೆವು. ಅವರು ಸೇದುವ ಮದ್ದು ಕೊಟ್ಟು, ಜೊತೆಗೆ ಮನೆಯಲ್ಲೇ ಉಸಿರಿನ ಬಲ ಅಳೆಯುವ ಒಂದು ಸಾಧನ ಕೊಳ್ಳಲು ಹೇಳಿದರು. ಪೀಕ್ ಫ್ಲೋ ಮೀಟರ್ ಎಂದು ಅದರ ಹೆಸರು. ನೋಡಲು ಕೊಳಲಿಗೂ ಥರ್ಮಾಮೀಟರಿಗೂ ಹುಟ್ಟಿದ ಹಾಗಿತ್ತು. ಪ್ಲಾಸ್ಟಿಕ್ಕಿನ ಒಂದು ದಪ್ಪ ಕೊಳವೆ, ಬೆನ್ನ ಮೇಲೆ ಅಂಕಿಗಳು, ಅಂಕಿಗಳ ಪಕ್ಕ ಜಾರುವ ಒಂದು ಮುಳ್ಳು. ಊದಿದರೆ ಮುಳ್ಳು ಮುಂದೆ ಓಡುತ್ತದೆ. ಎಷ್ಟು ದೂರ ಓಡಿತೋ ಅಷ್ಟು ಉಸಿರಿನ ನಾಳ ತೆರೆದಿದೆ ಎಂದು ಲೆಕ್ಕ. ಡಾಕ್ಟರು ಅದರ ಮೇಲೆ ನನ್ನ ಎತ್ತರಕ್ಕೂ ವಯಸ್ಸಿಗೂ ತಕ್ಕಂತೆ ಮೂರು ಬಣ್ಣದ ಪಟ್ಟಿ ಅಂಟಿಸಿಕೊಟ್ಟರು. ಹಸಿರಿಗೆ ಬಂದರೆ ಕ್ಷೇಮ, ಹಳದಿಗೆ ಬಂದರೆ ಎಚ್ಚರಿಕೆ, ಕೆಂಪಿಗೆ ಬಂದರೆ ಅಪಾಯ.

“ನಿಂತುಕೊಂಡು, ಉಸಿರು ತುಂಬ ಎಳೆದು, ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೂರು ಸಲ ಊದಿ, ಅದರಲ್ಲಿ ಹೆಚ್ಚಿನದನ್ನು ಬರೆದಿಡಿ. ಬೆಳಿಗ್ಗೆ, ಸಂಜೆ” ಎಂದರು ಡಾಕ್ಟರು.

ತುಟಿಯನ್ನು ಬಿಗಿಯಾಗಿ ಮುಚ್ಚಬೇಕು ಎಂದೂ ಹೇಳಿದ್ದರಂತೆ. ಹೇಳಿದ್ದರು ಎಂದು ಶ್ರೀಧರ ಈಗಲೂ ಆಣೆ ಮಾಡುತ್ತಾನೆ. ಇರಬಹುದು. ಆ ಹೊತ್ತಿಗೆ ನಾನು ಒಂದು ಬುದ್ಧಿವಂತ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಬುದ್ಧಿವಂತ ಪ್ರಶ್ನೆ ಕೇಳುವವರಿಗೆ ಉತ್ತರ ಕೇಳಿಸಿಕೊಳ್ಳಲು ಪುರುಸೊತ್ತು ಎಲ್ಲಿರುತ್ತದೆ!

ಆಸ್ಪತ್ರೆಯಲ್ಲಿ ಊದಿಸಿದಾಗ ರಟ್ಟಿನ ಒಂದು ಸಣ್ಣ ನಳಿಕೆ ಸಿಕ್ಕಿಸಿ ಕೊಟ್ಟಿದ್ದರು. ಅದನ್ನು ಬಾಯಿಗಿಟ್ಟೇ ಊದಿದ್ದೆ. ಊದಿದ ಮೇಲೆ ಬಿಸಾಡುವ ವಸ್ತು, ಚಿಂತೆಯಿಲ್ಲ. ಆದರೆ ಮನೆಯ ಮೀಟರು ಬಿಸಾಡುವ ವಸ್ತುವಲ್ಲ. ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಮರೆಯದಿರಲೆಂದು ಊಟದ ಕೋಣೆಯ ಗೂಡಿನಲ್ಲಿ, ನೀರಿನ ಲೋಟಗಳ ಪಕ್ಕದಲ್ಲಿ ಇಟ್ಟೆ. ಅತ್ತೆ ಅದನ್ನೇ ದಿಟ್ಟಿಸಿ ನೋಡಿದರು.

“ಎಂತದಿದು?”

“ಊದೋದು ಅತ್ತೆ.”

“ಬಾಯಿಗೆ ಕಚ್ಚಿಕೊಂಡಾ? ಮತ್ತೆ ತಂದು ಲೋಟದ ಹತ್ತಿರ ಇಡುದಾ? ಎಂಜಲು ಅಲ್ವಾ ಮಾರಾಯ್ತಿ!”

ನಮ್ಮ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸಿ ಯಾರೂ ಏನನ್ನೂ ಕುಡಿಯುವುದಿಲ್ಲ. ನೀರಿರಲಿ, ಮಜ್ಜಿಗೆಯಿರಲಿ, ಎತ್ತಿ ಬಾಯಿಗೆ ಸುರಿದುಕೊಳ್ಳುವುದೇ. ಬಿಸಿ ಕಾಫಿಯನ್ನು ಮೇಲಿನಿಂದ ಸುರಿದುಕೊಂಡು ನಾಲಿಗೆ ಸುಡದೆ ನುಂಗುವ ನಮ್ಮ ಅತ್ತೆಯವರ ಕೌಶಲ ನೋಡಲು ಎರಡು ಕಣ್ಣು ಸಾಲದು. ನಾನೂ ಈ ಮನೆಗೆ ಬಂದ ಮೇಲೆ ಪಳಗಿದ್ದೆ. ಹಾಗಾಗಿ ಅತ್ತೆಯವರ ಆಕ್ಷೇಪಣೆಯಲ್ಲಿ ನನಗೆ ಕಷ್ಟವೇನೂ ಕಾಣಲಿಲ್ಲ. ನೀರನ್ನು ದೂರದಿಂದ ಒಳಕ್ಕೆ ತೆಗೆದುಕೊಳ್ಳಬಲ್ಲವಳು ಗಾಳಿಯನ್ನು ದೂರದಿಂದ ಹೊರಕ್ಕೆ ಬಿಡಲಾರೆನೇ?

ಮೀಟರಿನ ಡಬ್ಬಿಯಲ್ಲಿ ಒಂದು ಚಿತ್ರವಿತ್ತು. ಅದರಲ್ಲಿ ಒಬ್ಬ ಬಿಳಿಯ ಮನುಷ್ಯ ಕೊಳವೆಯನ್ನು ತುಟಿಗಳ ನಡುವೆ ಭದ್ರವಾಗಿ ಹಿಡಿದಿದ್ದ. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ. ನೋಡಿ, ‘ಪಾಪ, ಅವರು ನೀರನ್ನೂ ಹಾಗೇ ಕುಡಿಯುತ್ತಾರೆ’ ಎಂದುಕೊಂಡೆ!

ಅಂದಿನಿಂದ ಮೀಟರನ್ನು ಬಾಯಿಂದ ಎರಡು ಬೆರಳು ದೂರ ಹಿಡಿದು ಊದತೊಡಗಿದೆ. ಮನಸ್ಸಿನ ಮೂಲೆಯಲ್ಲಿ ಸಣ್ಣ ಅನುಮಾನ ಬಾರದೆ ಇರಲಿಲ್ಲ. ಸ್ವಲ್ಪ ಗಾಳಿ ಪಕ್ಕಕ್ಕೆ ಹೋಗುವುದಿಲ್ಲವೇ? ಅದಕ್ಕೆ ಎಂ.ಎಸ್ಸಿ. ಉತ್ತರ ಕೊಟ್ಟಿತು: ದಿನವೂ ಅಷ್ಟೇ ದೂರ ಹಿಡಿದರೆ ದಿನವೂ ಅಷ್ಟೇ ತಪ್ಪು, ದಿನವೂ ಒಂದೇ ಆಗಿರುವ ತಪ್ಪು ತಪ್ಪೇ ಅಲ್ಲ. ಈ ಸಿದ್ಧಾಂತವನ್ನು ಸಂಸಾರದಲ್ಲಿ ಎಲ್ಲರೂ ಪಾಲಿಸುತ್ತಾರಲ್ಲ.

ಮೊದಲ ದಿನವೇ ಮುಳ್ಳು ಕೆಂಪಿನಲ್ಲಿ ನಿಂತಿತು. ಶ್ರೀಧರ ಹಲ್ಲುಜ್ಜುತ್ತಿದ್ದವನು ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿಬಂದ.

“ಕೆಂಪು! ಕೆಂಪು ಬಿದ್ದಿದೆ, ನೀನು ಆಫೀಸಿಗೆ ಹೊರಟಿದ್ದೀಯಾ?”

“ಚೆನ್ನಾಗೇ ಇದ್ದೀನಿ ಕಣ್ರೀ. ನಿನ್ನೆಗಿಂತ ಉಸಿರು ಹಗುರವಾಗಿದೆ.”

“ಸಿಗ್ನಲ್ ದಾಟಿದ ಡ್ರೈವರೂ ಹಾಗೇ ಹೇಳೋದು!”

ಇದು ಶ್ರೀಧರನ ಧರ್ಮ. ಮನುಷ್ಯರು ಸುಳ್ಳು ಹೇಳಬಹುದು, ಮೀಟರು ಹೇಳುವುದಿಲ್ಲ. ಮದ್ದು ಹಿಡಿದು ನಾನು ದಿನದಿನಕ್ಕೆ ಗೆಲುವಾಗುತ್ತ ಬಂದೆ. ಮುಳ್ಳು ಮಾತ್ರ ಕೆಂಪು ಬಿಟ್ಟು ಕದಲಲಿಲ್ಲ. ಎರಡು ಮಹಡಿ ಹತ್ತಿ ಬಟ್ಟೆ ಒಣಹಾಕಿ ಬಂದು ಊದಿದರೂ ಕೆಂಪು! ಮನೆಯವರೆಲ್ಲ ನನ್ನನ್ನು ಗಾಜಿನ ಸಾಮಾನಿನ ಹಾಗೆ ನೋಡತೊಡಗಿದರು. ಅದು ನನಗೆ ಅಷ್ಟೇನೂ ಬೇಸರ ತರಲಿಲ್ಲ ಎಂಬುದನ್ನು ಇಲ್ಲಿ ನಮೂದಿಸಬೇಕು.

ಕಾರಣದ ಶೋಧನೆ ಪ್ರಾರಂಭವಾಯಿತು. ಮೊದಲು ಊದುಬತ್ತಿ ನಿಂತಿತು. ಆಮೇಲೆ ಕಿಟಕಿಯ ಪರದೆಗಳು ಇಳಿದವು. ಜಾನಕಿ ಮಾಮಿಯ ಮಲ್ಲಿಗೆ ಬಳ್ಳಿಯ ಮೇಲೂ ಶ್ರೀಧರನ ಕಣ್ಣು ಬಿತ್ತು. ಒಂದು ದಿನ ಅತ್ತೆ ತಾವಾಗಿಯೇ ಬಂದು, ತಗ್ಗಿದ ದನಿಯಲ್ಲಿ ಶ್ರೀಧರನಿಗೆ, “ನನ್ನ ಒಗ್ಗರಣೆಯದ್ದೇ ಹೊಗೆ ಇರ್ಬೇಕು ಮಾರಾಯ. ಮೆಣಸು ಹುರಿದ್ರೆ ನನಗೇ ಕೆಮ್ಮು ಬರ್ತದೆ. ಇನ್ನು ಒಗ್ಗರಣೆ ಬೇಡ” ಎಂದುಬಿಟ್ಟರು.

ಒಗ್ಗರಣೆಯಿಲ್ಲದ ಮನೆಯಲ್ಲಿ ನೀವು ಊಟ ಮಾಡಿದ್ದೀರಾ? ಸಾರು ಬಿಸಿನೀರಿನ ಹಾಗೆ ಬಂದು ತಟ್ಟೆಯಲ್ಲಿ ನಿಲ್ಲುತ್ತದೆ. ಅನು ಒಂದು ತುತ್ತು ಬಾಯಿಗಿಟ್ಟು, “ಎನ್ನಮ್ಮಾ ಇದು! ತಾಳಿಪ್ಪೇ ಇಲ್ಲ! ಹಾಸ್ಟೆಲ್ ಮಾದಿರಿ ಇರುಕ್ಕು!” ಎಂದು ತಟ್ಟೆ ತಳ್ಳಿದಳು. ಒಗ್ಗರಣೆಯೇ ಇಲ್ಲ, ಹಾಸ್ಟೆಲಿನ ಊಟದ ಹಾಗಿದೆ ಎಂದು. ನೋಡಿರದ ಹಾಸ್ಟೆಲಿನ ರುಚಿಯೂ ಅವಳಿಗೆ ಗೊತ್ತಾಗಿಬಿಟ್ಟಿತ್ತು.

ಡಾಕ್ಟರಿಗೆ ಫೋನ್ ಮಾಡಿ ಅಂಕಿಗಳನ್ನು ಓದಿದೆ. ಅವರು ಇನ್ನೊಮ್ಮೆ ಓದಿಸಿದರು.

“ಮಾತಾಡೋವಾಗ ನಿಮಗೆ ಏದುಸಿರು ಬರ್ತಿದೆಯಾ ಮೇಡಂ?”

“ಇಲ್ಲ ಡಾಕ್ಟರ್.”

“ನನಗೂ ಕೇಳಿಸ್ತಿಲ್ಲ. ವಿಚಿತ್ರ. ಒಂದು ಕೆಲಸ ಮಾಡಿ. ಮನೆ ಬಿಟ್ಟು ಬೇರೆ ಕಡೆ ಊದಿ ನೋಡಿ. ಕೆಲವರಿಗೆ ಮನೆಯೊಳಗಿನದೇ ಏನೋ ಒಗ್ಗಲ್ಲ. ಆಮೇಲೆ ಮೀಟರ್ ತಗೊಂಡು ಬನ್ನಿ.”

ಬೇರೆ ಕಡೆ! ಚೆನ್ನೈ ಮಹಾನಗರದಲ್ಲಿ ಬೇರೆ ಕಡೆ ಎಂದರೆ ನನಗೆ ಯಾವ ಕಡೆ ಹೊಳೆದಿರಬಹುದೆಂದು ಹೇಳಬೇಕಾಗಿಲ್ಲ. ‘ಆಮೇಲೆ ಮೀಟರ್ ತಗೊಂಡು ಬನ್ನಿ’ ಎಂಬ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ಭಾನುವಾರ ಸಂಜೆ ನಾನೂ ಶ್ರೀಧರನೂ ಎಲಿಯಟ್ಸ್ ಬೀಚಿನಲ್ಲಿ ನಿಂತಿದ್ದೆವು. ಗಾಳಿಯೆಂದರೆ ಗಾಳಿ. ಸೆರಗು ಮುಖಕ್ಕೆ ಬಡಿಯುತ್ತಿತ್ತು, ಮರಳು ಕಣ್ಣಿಗೆ ಹೊಡೆಯುತ್ತಿತ್ತು. ಮೀಟರನ್ನು ಎರಡು ಬೆರಳು ದೂರ ಹಿಡಿದರೆ ನಾನು ಊದುವ ಮೊದಲೇ ಸಮುದ್ರ ಊದಿಬಿಡುತ್ತದೆ ಎನ್ನಿಸಿತು. ಸುತ್ತ ನೋಡಿದೆ. ಅತ್ತೆ ಇರಲಿಲ್ಲ. ಎರಡು ಕೈಯಲ್ಲೂ ಭದ್ರವಾಗಿ ಹಿಡಿದು, ಕೊಳವೆಯನ್ನು ಬಾಯಿಗೇ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಊದಿದೆ.

ಮುಳ್ಳು ಕೆಂಪು ದಾಟಿತು, ಹಳದಿ ದಾಟಿತು, ಹಸಿರಿನ ನಡುಮಧ್ಯೆ ಹೋಗಿ ನಿಂತಿತು!

ಅಲ್ಲೇ ಬೇಯಿಸಿದ ಕಡಲೆಯ ಸುಂಡಲ್ ಮಾರುತ್ತಿದ್ದವನೊಬ್ಬ ನಾನು ಪೀಪಿ ಊದುತ್ತಿದ್ದೇನೆಂದುಕೊಂಡು, “ಸತ್ತಮೇ ವರಲಿಯೇ ಅಕ್ಕಾ!” ಎಂದು, ಸದ್ದೇ ಬಾರದ ನನ್ನ ಪೀಪಿಗಾಗಿ ಮರುಗಿದ. ನಮಗೆ ಅವನ ಮಾತು ಕೇಳುವ ಸ್ಥಿತಿ ಇರಲಿಲ್ಲ. ಶ್ರೀಧರ ಮೀಟರನ್ನು ಕೈಯಲ್ಲಿ ಹಿಡಿದು ಸಮುದ್ರವನ್ನೇ ನೋಡುತ್ತಿದ್ದ, ಹೊಸ ಲೈನಿನಲ್ಲಿ ಮೊದಲ ಗಾಡಿ ಬಂದದ್ದನ್ನು ನೋಡುವವನ ಹಾಗೆ.

“ಇದು ಗಾಳಿ” ಎಂದ. “ಕೀಲ್ಪಾಕಿನಲ್ಲಿರೋದು ಗಾಳಿಯೇ ಅಲ್ಲ.”

ನಾನು ವಿಜ್ಞಾನ ಓದಿದವಳು. ಒಂದೇ ಸಲ ಬಂದದ್ದನ್ನು ನಂಬುವವಳಲ್ಲ. ಮುಂದಿನ ಭಾನುವಾರ ಮತ್ತೆ ಹೋದೆವು. ಹಸಿರು. ಮನೆಗೆ ಬಂದು ಗೂಡಿನ ಮುಂದೆ ನಿಂತು ಊದಿದೆ. ಕೆಂಪು. ಇಷ್ಟು ಸ್ವಚ್ಛವಾದ ಫಲಿತಾಂಶ ನನಗೆ ಪ್ರಯೋಗಶಾಲೆಯಲ್ಲೂ ಬಂದಿರಲಿಲ್ಲ. ಎರಡು ಜಾಗದಲ್ಲೂ ಎಲ್ಲವೂ ಒಂದೇ, ಗಾಳಿಯೊಂದೇ ಬೇರೆ ಎಂದು ನಾನು ಶ್ರೀಧರನಿಗೆ ವಿವರಿಸಿದ್ದು ನೆನಪಿದೆ. ಅದನ್ನು ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ.

ಡಾಕ್ಟರರ ಹತ್ತಿರ ಹೋಗುವುದಕ್ಕೆ ಮೊದಲೇ ಶ್ರೀಧರ ಮನೆ ಹುಡುಕಲು ಹೋದ. ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಮೆಟ್ಟಿಲ ಮೇಲೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಪಕ್ಕದಲ್ಲಿ ಮಾಮಿ. ನಾನು ಮೀಟರು ತೋರಿಸಿ, ಹಸಿರು ಕೆಂಪುಗಳ ಕಥೆಯನ್ನೆಲ್ಲ ಹೇಳಿದೆ. ಅತ್ತೆ ಒಂದು ಕಾಯಿಯ ನಾರನ್ನು ಬಹಳ ಹೊತ್ತು ತೆಗೆದರು.

“ಉಸಿರಿನ ವಿಷಯ” ಎಂದರು ಕೊನೆಗೆ. “ಹೋಗುವಾ. ಜಾನಕಿ ಎಲ್ಲಿಗೆ ಹೋಗ್ತಾಳೆ? ಇಲ್ಲೇ ಇರ್ತಾಳೆ.”

ಮಾಮಿ ಕಾಯಿಗಳನ್ನು ಬುಟ್ಟಿಗೆ ಹಾಕಿ ಎದ್ದು ಒಳಗೆ ಹೋದರು. ಆ ಕ್ಷಣದಲ್ಲಿ ನನಗೆ ಪಾಪ ಎನ್ನಿಸಿತು ಎಂದು ಬರೆಯಲು ಆಸೆ. ಡೈರಿಯಲ್ಲಿ ಆ ದಿನ, ‘ಮನೆ ಸಿಕ್ಕಿತು. ಅಡುಗೆಮನೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆ, ಬಗ್ಗಿದರೆ’ ಎಂದಷ್ಟೇ ಇದೆ.

ಬೆಸೆಂಟ್ ನಗರಕ್ಕೆ ಬಂದೆವು. ಮೊದಲ ವಾರ ನಾನು ಬಗ್ಗಿ ಬಗ್ಗಿ ಸಮುದ್ರ ನೋಡಿದೆ. ಉಪ್ಪಿನ ಗಾಳಿಗೆ ಹಪ್ಪಳ ಬಟ್ಟೆಯಂತಾಯಿತು, ಕಿಟಕಿಯ ಸರಳು ತುಕ್ಕು ಹಿಡಿಯಿತು, ಶ್ರೀಧರನ ಸೈಕಲ್ಲಿನ ಬೆಲ್ಲು ಮೂಕವಾಯಿತು. ಇದೆಲ್ಲ ಸಣ್ಣ ವಿಷಯ. ದೊಡ್ಡ ವಿಷಯವೇನೆಂದರೆ, ಹೊಸ ಮನೆಯ ಊಟದ ಕೋಣೆಯಲ್ಲಿ, ಹೊಸ ಗೂಡಿನಲ್ಲಿ, ಅದೇ ಲೋಟಗಳ ಪಕ್ಕದಲ್ಲಿಟ್ಟ ಮೀಟರನ್ನು ಅತ್ತೆಯವರ ಕಣ್ಣೆದುರಿಗೆ ಶಾಸ್ತ್ರೋಕ್ತವಾಗಿ ಎರಡು ಬೆರಳು ದೂರ ಹಿಡಿದು ಊದಿದರೆ ಕೆಂಪು!

“ಅಪ್ಪಡಿಯಾ?” ಎಂದ ಶ್ರೀಧರ, ಹೌದೇ ಎನ್ನುವ ಹಾಗೆ. ತೀರಾ ಗಾಬರಿಯಾದಾಗ ಅವನ ಬಾಯಲ್ಲಿ ತಮಿಳು ಬರುತ್ತದೆ.

ನನ್ನನ್ನು ಮನೆಯ ಮೂಲೆಮೂಲೆಯಲ್ಲಿ ನಿಲ್ಲಿಸಿ ಊದಿಸಿದ. ಹಾಲಿನಲ್ಲಿ ಕೆಂಪು. ಮಲಗುವ ಕೋಣೆಯಲ್ಲಿ ಕೆಂಪು. ಟೆರೇಸಿಗೆ ಕರೆದುಕೊಂಡು ಹೋದ. ಅಲ್ಲಿ ಗಾಳಿ ಜೋರು. ಅತ್ತೆಗೆ ಮಂಡಿನೋವು, ಹತ್ತಿ ಬರುವುದಿಲ್ಲ. ಬಾಯಿಗೆ ಸಿಕ್ಕಿಸಿಕೊಂಡು ಊದಿದೆ. ಹಸಿರು!

“ಗೊತ್ತಾಯ್ತು! ಸಮುದ್ರದ ಗಾಳಿ ಕೆಳಗಿನ ಮಹಡಿಗೆ ಇಳೀತಾನೇ ಇಲ್ಲ. ಎದುರಿನ ಕಟ್ಟಡ ಅಡ್ಡ ಬರ್ತಿದೆ” ಎಂದು ಶ್ರೀಧರ ಕಾಗದದ ಮೇಲೆ ಗಾಳಿಯ ದಾರಿಯನ್ನು ಬಾಣ ಹಾಕಿ ಬರೆದೇಬಿಟ್ಟ. ನಾನು ಅದರಲ್ಲಿ ಒಂದು ಬಾಣವನ್ನು ತಿದ್ದಿದೆ.

ಅಂದಿನಿಂದ ನಾನು ಮನೆಯಲ್ಲಿ ರೋಗಿ, ಟೆರೇಸಿನಲ್ಲಿ ಪೈಲ್ವಾನಳು. ಆಫೀಸಿಗೆ ಹೊರಡುವ ಮುಂಚೆ ಅರ್ಧ ಗಂಟೆ, ಬಂದ ಮೇಲೆ ಅರ್ಧ ಗಂಟೆ ಟೆರೇಸಿನ ವಾಸ. ತಿಂಡಿ ಅಲ್ಲಿಗೇ ಬರುತ್ತಿತ್ತು. ಪಕ್ಕದ ಕಟ್ಟಡದ ನಿವೃತ್ತ ಸಾಹೇಬರೊಬ್ಬರು ನಾನು ಮಾಡುತ್ತಿರುವುದು ಯಾವುದೋ ಪ್ರಾಣಾಯಾಮವೆಂದು ತಿಳಿದು, ದಿನಪತ್ರಿಕೆಯನ್ನು ಸುರುಳಿ ಸುತ್ತಿ ಬಾಯಿಗಿಟ್ಟು ನನ್ನ ಜೊತೆ ಊದಲು ಶುರುಮಾಡಿದರು. ಅವರಿಗೆ ಗುಣ ಕಂಡಿತಂತೆ! ಇತ್ತ ಶ್ರೀಧರ, ಟೆರೇಸಿನ ಮೇಲಿದ್ದ ತಗಡಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತೀರಾ ಎಂದು ಮನೆಯ ಯಜಮಾನರನ್ನು ವಿಚಾರಿಸತೊಡಗಿದ್ದ.

ಕೆಳಗೆ ಅತ್ತೆ ಒಬ್ಬರೇ ಒಗ್ಗರಣೆಯಿಲ್ಲದ ಅಡುಗೆ ಮಾಡಿ, ಒಬ್ಬರೇ ತರಕಾರಿ ಹೆಚ್ಚುತ್ತಿದ್ದರು. ಅಕ್ಕಪಕ್ಕದಲ್ಲಿ ತಮಿಳರಿದ್ದರು, ತೆಲುಗರಿದ್ದರು. ಯಾರಿಗೂ ಅತ್ತೆಯವರ ಕನ್ನಡ ಅರ್ಥವಾಗುತ್ತಿರಲಿಲ್ಲ. ಒಂದು ಸಂಜೆ ನಾನು ಟೆರೇಸಿನಿಂದ ಇಳಿದು ಬಂದಾಗ ಅವರು ಫೋನಿನಲ್ಲಿ ಮಾತಾಡುತ್ತಿದ್ದರು. “ಹೌದಾ… ಹೌದಾ… ಬೆಂಡೆಕಾಯಿ ನಮ್ಮಲ್ಲೂ ಬಲಿತದ್ದೇ ಬರುದು ಜಾನಕೀ…” ನನ್ನನ್ನು ನೋಡಿ ಫೋನಿಟ್ಟು, “ಊದಿದ್ದಾಯ್ತಾ? ಹಸಿರಾ?” ಎಂದರು. ಹಸಿರು ಎಂದೆ. “ಸಾಕು” ಎಂದರು. ಆ ‘ಸಾಕು’ ನನಗೆ ಸ್ವಲ್ಪ ಚುಚ್ಚಿತು. ಇದು ಡೈರಿಯಲ್ಲಿಲ್ಲ, ಆದರೂ ಖಂಡಿತ ನೆನಪಿದೆ.

ಮಾರನೆಯ ದಿನವೇ ಶ್ರೀಧರನನ್ನು ಹೊರಡಿಸಿ, ಮೀಟರು ಹಿಡಿದು ಡಾಕ್ಟರರಲ್ಲಿಗೆ ಹೋದೆ. ನಮ್ಮ ಮಹಡಿವಾರು ಅಂಕಿಗಳನ್ನು ಅವರು ಬಹಳ ಗೌರವದಿಂದ ನೋಡಿದರು. ಶ್ರೀಧರನ ಬಾಣಗಳನ್ನೂ ನೋಡಿದರು.

“ನನ್ನ ಸರ್ವೀಸಿನಲ್ಲಿ ಇಂಥ ಕೇಸು ಕಂಡಿಲ್ಲ. ಒಂದು ಸಲ ನನ್ನೆದುರಿಗೆ ಊದಿ ಮೇಡಂ.”

ಎದ್ದು ನಿಂತೆ. ಉಸಿರು ತುಂಬಿಕೊಂಡೆ. ಮೀಟರನ್ನು ಎರಡು ಬೆರಳು ದೂರಕ್ಕೆ ತಂದು ಊದಿದೆ. ಮೇಜಿನ ಮೇಲಿದ್ದ ಚೀಟಿಗಳು ಹಾರಿಹೋದವು.

ಡಾಕ್ಟರು ಚೀಟಿಗಳನ್ನು ಹೆಕ್ಕಿ ಜೋಡಿಸಿಟ್ಟರು. ನೀರಿನ ಬಾಟಲಿ ತೆಗೆದು, ತುಟಿ ತಾಗದಂತೆ ಎತ್ತಿ, ಗಟಗಟ ಕುಡಿದರು. ಬಾಟಲಿ ಕೆಳಗಿಟ್ಟು ನಿಧಾನವಾಗಿ ಕೇಳಿದರು:

“ಬೀಚಿನಲ್ಲೂ ಹೀಗೇ ಊದಿದ್ರಾ?”

“ಇಲ್ಲ ಡಾಕ್ಟರ್. ಅಲ್ಲಿ ಗಾಳಿ ಜೋರು. ಬಾಯಿಗಿಟ್ಟುಕೊಂಡೆ.”

“ಟೆರೇಸಿನಲ್ಲಿ?”

“ಅಲ್ಲೂ… ಗಾಳಿ…”

ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಕೇಳಿಸಿತು. ಪಕ್ಕದಲ್ಲಿ ಶ್ರೀಧರ ತನ್ನ ಬಾಣಗಳ ಕಾಗದವನ್ನು ಮೆಲ್ಲಗೆ ಮಡಚಿ ಜೇಬಿಗಿಟ್ಟುಕೊಂಡ.

“ಮೇಡಂ” ಎಂದರು ಡಾಕ್ಟರು, “ನಮ್ಮ ಮನೇಲೂ ಎತ್ತಿಯೇ ಕುಡಿಯೋದು. ಆದ್ರೆ ನೀರು ತಾನಾಗಿ ಕೆಳಗೆ ಬೀಳುತ್ತೆ. ಗಾಳಿ ಬೀಳಲ್ಲ.”

ಮತ್ತೆ, ಬಾಯಿಗಿಟ್ಟು ಊದಿಸಿದರು. ಹಸಿರು. ಅದೂ ಅವರ ಕಿಟಕಿಯಿಲ್ಲದ ಕೋಣೆಯಲ್ಲಿ, ಫಿನಾಯಿಲ್ ವಾಸನೆಯ ನಡುವೆ! ಮದ್ದನ್ನು ತಪ್ಪದೆ ಸೇದಿದ್ದರಿಂದ ಎಂದೋ ಗುಣ ಕಂಡಿದೆ, ಮದ್ದು ಬಿಡಬೇಡಿ ಎಂದರು. ಏಳುವಾಗ ಕುತೂಹಲಕ್ಕೆಂಬಂತೆ, “ನೀವು ಏನು ಓದಿರೋದು ಮೇಡಂ?” ಎಂದರು.

“ಇತಿಹಾಸ” ಎಂದೆ.

ಶ್ರೀಧರ ಗೋಡೆಯ ಕಡೆ ತಿರುಗಿಕೊಂಡ. ಅವನ ಬೆನ್ನು ಅಲುಗುತ್ತಿತ್ತು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆವು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸುಮ್ಮನೆ ಒಳಗೆ ಹೋಗಿ ಬಾಣಲೆ ಇಟ್ಟು, ಎಣ್ಣೆ ಸುರಿದು, ಸಾಸಿವೆ, ಒಣಮೆಣಸು, ಇಂಗು, ಕರಿಬೇವು ಎಲ್ಲವನ್ನೂ ಒಟ್ಟಿಗೆ ಹಾಕಿದರು. ತಿಂಗಳುಗಟ್ಟಲೆಯ ಒಗ್ಗರಣೆ ಒಂದೇ ಸಲಕ್ಕೆ! ಮನೆಯೆಲ್ಲ ಹೊಗೆ. ಅನು, “ಪಾಟೀ!” ಎಂದು ಅಜ್ಜಿಯನ್ನು ಸಂತೋಷದಿಂದ ಕೂಗುತ್ತ ಓಡಿಬಂದಳು.

“ಈಗ ಊದು” ಎಂದರು ಅತ್ತೆ. “ಬಾಯಿಗಿಟ್ಟೇ ಊದು.”

ಊದಿದೆ. ಹಸಿರು.

“ಬಾಯಿಗೆ ಇಡ್ಬೇಕು ಅಂತ ಹೇಳಿದ್ರೆ ಬೇರೆ ಗೂಡು ಕೊಡ್ತಿದ್ದೆನಲ್ಲ ಮಾರಾಯ್ತಿ! ಒಂದು ಮೊಳೆ ಹೊಡೆದು ನೇತು ಹಾಕಿದ್ರೆ ಆಗ್ತಿತ್ತು!”

ಒಂದು ಮೊಳೆ. ನಾವು ಮನೆಯನ್ನೇ ಕಿತ್ತುಕೊಂಡು ಬಂದಿದ್ದೆವು.

ಅಂದು ಒಗ್ಗರಣೆಯ ಸಾರು ಉಂಡು ಎಲ್ಲರೂ ತೃಪ್ತಿಯಿಂದ ಕೂತಿದ್ದಾಗ ಅತ್ತೆ ಗೋಡೆಗೆ ಹೇಳುವ ಹಾಗೆ ಹೇಳಿದರು: “ಕೀಲ್ಪಾಕಿನ ಮನೆಗೆ ಇನ್ನೂ ಯಾರೂ ಬರ್ಲಿಲ್ಲವಂತೆ. ಜಾನಕಿ ಹೇಳಿದ್ಳು.”

ಸಮುದ್ರ ಕೈಬಿಟ್ಟು ಹೋಗುತ್ತಿತ್ತು. ತಟ್ಟನೆ ವಿಜ್ಞಾನ ನೆನಪಾಯಿತು. “ಹಾಗಲ್ಲ ಅತ್ತೆ. ಕೀಲ್ಪಾಕಿನಲ್ಲಿ ನಾನು ಸರಿಯಾಗಿ ಊದೇ ಇಲ್ಲ. ಅಲ್ಲಿ ನಿಜವಾಗಿಯೂ ಕಡಿಮೆ ಬಂದರೆ? ಊದಿ ನೋಡದೆ ಹೇಗೆ ಹೇಳೋದು?”

“ಹೌದಲ್ಲ” ಎಂದ ಶ್ರೀಧರ. ಮೀಟರಿನ ಹೆಸರು ಎತ್ತಿದರೆ ಸಾಕು, ಅವನು ನನ್ನ ಕಡೆ.

ಭಾನುವಾರ ಸಂಸಾರಸಮೇತ ಜಾನಕಿ ಮಾಮಿಯ ಹಾಲಿನಲ್ಲಿ ಪರೀಕ್ಷೆ ಏರ್ಪಾಡಾಯಿತು. ಮಾಮಿ ಕಾಫಿ ಕೊಟ್ಟು ಎದುರಿಗೆ ಕೂತರು. ಪಕ್ಕದಲ್ಲಿ ಅತ್ತೆ. ನಾನು ನಡುವೆ ನಿಂತೆ. ಈಗ ಒಂದು ವಿಷಯ ಹೇಳಬೇಕು. ಈ ಮೀಟರು ಎಷ್ಟು ಸತ್ಯವಂತವೋ ಅಷ್ಟೇ ಬಡಪಾಯಿ. ಊದುವವಳು ಮನಸ್ಸಿಟ್ಟು ಊದದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಇದನ್ನು ನಾನು ಬಸ್ಸಿನಲ್ಲಿ ಬರುತ್ತಲೇ ಯೋಚಿಸಿಕೊಂಡಿದ್ದೆ.

“ತುಟಿ ಮುಚ್ಚು” ಎಂದರು ಅತ್ತೆ. “ಸರೀ ಮುಚ್ಚು. ಬದಿಯಲ್ಲಿ ಗಾಳಿ ಹೋಗ್ತದೆ.” ಎಂಜಲಿನ ಕಾವಲು ಹೋಗಿ ತುಟಿಯ ಕಾವಲು ಬಂದಿತ್ತು.

ತುಟಿ ಮುಚ್ಚಿದೆ. ಮೆಲ್ಲಗೆ ಊದಿದೆ. ಹಳದಿ.

“ಪಾರು!” ಎಂದ ಶ್ರೀಧರ. ನೋಡು ಎನ್ನಲು ಅವನಿಗೆ ಕನ್ನಡವೇ ಹೊಳೆಯಲಿಲ್ಲ. ಎರಡನೆಯ ಸಲವೂ ಹಳದಿ. ಮೆಲ್ಲಗೆ ಊದುವುದರಲ್ಲೂ ನನಗೆ ಒಂದು ಹದ ಸಿಕ್ಕಿತ್ತು.

ಆಗ ಅತ್ತೆ ಎದ್ದರು. ಕೈಚೀಲವನ್ನು ಭುಜಕ್ಕೆ ಹಾಕಿಕೊಂಡರು.

“ಬೇಡ ಮಾರಾಯ, ಅವಳಿಗೆ ಇಲ್ಲಿ ಆಗುದಿಲ್ಲ. ನಡೀರಿ. ಉಸಿರಿಗಿಂತ ದೊಡ್ಡದು ಎಂತ ಉಂಟು? ಜಾನಕೀ, ನಾನು ಆಗಾಗ ಬರ್ತೇನೆ.”

ಮಾಮಿ, “ಶರಿ, ಅವ ಮೂಚ್ಚು ದಾನೇ ಮುಕ್ಕಿಯಂ” ಎಂದರು. ಸರಿ, ಅವಳ ಉಸಿರೇ ಮುಖ್ಯವಲ್ಲವೇ ಎಂದು. ಇಬ್ಬರೂ ತಂತಮ್ಮ ಭಾಷೆಯಲ್ಲಿ ಒಂದೇ ಮಾತು ಆಡಿ, ನನ್ನ ಮುಖವನ್ನು ಕರುಣೆಯಿಂದ ನೋಡಿದರು.

“ಇರಿ, ಇನ್ನೊಂದು ಸಲ ಇದೆ” ಎಂದು ನನ್ನ ಬಾಯಿಂದ ಹೊರಟುಹೋಯಿತು.

ಮೂರನೆಯ ಸಲ ಊದಿದೆ. ಬೇಕೆಂದೇ ಜೋರಾಗಿ ಊದಿದೆನೋ, ಆ ಇಬ್ಬರು ಹೆಂಗಸರು ಹಾಗೆ ನೋಡುತ್ತಿರುವಾಗ ಮೆಲ್ಲಗೆ ಊದುವ ಹದ ತಪ್ಪಿತೋ, ಇವತ್ತಿಗೂ ತೀರ್ಮಾನವಾಗಿಲ್ಲ. ನಾನು ಒಳ್ಳೆಯವಳಾಗಿದ್ದೆ ಎಂದು ನೆನಪು ಹೇಳುತ್ತದೆ. ನನ್ನ ನೆನಪು ನನ್ನ ಪಕ್ಷಪಾತಿ. ಮುಳ್ಳು ಮಾತ್ರ ಹಸಿರನ್ನು ಹೊಕ್ಕು, ಸಮುದ್ರದ ದಡದಲ್ಲಿ ಎಂದೂ ಮುಟ್ಟದಿದ್ದ ಗೆರೆಯನ್ನು ಮುಟ್ಟಿ ನಿಂತಿತು!

“ಮೂರರಲ್ಲಿ ಹೆಚ್ಚಿನದೇ ಲೆಕ್ಕ” ಎಂದು ಶ್ರೀಧರ ಘೋಷಿಸಿದ. ಅತ್ತೆ ಕೈಚೀಲ ಇಳಿಸಿ ಮಾಮಿಯ ಅಡುಗೆಮನೆಗೆ ಹೊರಟೇಹೋದರು. ಒಳಗಿನಿಂದ ಕನ್ನಡವೂ ತಮಿಳೂ ಒಟ್ಟಿಗೆ ಕೇಳಿಸತೊಡಗಿದವು.

ತಿಂಗಳು ತುಂಬುವ ಮೊದಲೇ ಸಾಮಾನು ತುಂಬಿದ ಟೆಂಪೊ ಮತ್ತೆ ಕೀಲ್ಪಾಕಿನ ಗೇಟಿನಲ್ಲಿ ನಿಂತಿತ್ತು. ಹಳೆಯ ಮನೆಯ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದೆ. ಸಮುದ್ರ ಕಾಣುವ ಕಿಟಕಿ ಅಲ್ಲಿ ಇರಲಿಲ್ಲ, ಎಷ್ಟು ಬಗ್ಗಿದರೂ. ಯಾರ ಮನಸ್ಸಾದರೂ ಕರಗೀತೇ ಎಂದು ಸಣ್ಣದಾಗಿ ಒಮ್ಮೆ ಕೆಮ್ಮಿದೆ.

ಅನು ಬೆತ್ತದ ಕುರ್ಚಿ ಹೊತ್ತು ಹತ್ತುತ್ತಿದ್ದವಳು ತಿರುಗಿಯೂ ನೋಡದೆ, “ನಡಿಕ್ಕಾದೇ ಮಾ” ಎಂದಳು. ನಟನೆ ಸಾಕು ಎಂದು. ಶ್ರೀಧರ ತಿರುಗಲೇ ಇಲ್ಲ. ಅತ್ತೆ ಮಾತ್ರ ನನ್ನ ಹತ್ತಿರ ಬಂದರು. ಸೆರಗಿನಿಂದ ಬೆವರು ಒರೆಸಿಕೊಂಡು, ಟೆಂಪೊದಲ್ಲಿ ಯಾರೂ ಮುಟ್ಟದೆ ಬಿಟ್ಟಿದ್ದ ರುಬ್ಬುವ ಕಲ್ಲಿನ ಗುಂಡನ್ನು ತೋರಿಸಿದರು.

“ಹಸಿರಲ್ವಾ? ಎತ್ತು!”

ಎತ್ತಿದೆ. ಮೆಟ್ಟಿಲು ಹತ್ತಿದೆ. ದುರದೃಷ್ಟಕ್ಕೆ, ಒಂದಿಷ್ಟೂ ಏದುಸಿರು ಬರಲಿಲ್ಲ.